ಬಳ್ಳಾರಿ ಪಾರ್ಟಿ ಕೊಂಡ ಕಾರು

ನನ್ನ ಕಸುಬಿನ ಸಾಮಾನು ಅಂತ ಈಗ ಉಳಿದಿರುವುದು ಒಂದು ಟವೆಲ್ ಮಾತ್ರ. ಕೆಂಪು ಅಂಚಿನದು, ಎರಡು ಕಡೆ ಬೀಡಿ ಕಿಡಿ ಬಿದ್ದು ತೂತಾಗಿದೆ. ಸ್ಕ್ರೂಡ್ರೈವರು, ಟಾರ್ಚು, ಜಾಕು ಎಲ್ಲವನ್ನೂ ಯಾರ್ಯಾರೋ ಕೇಳಿ ಒಯ್ದರು. ಟವೆಲ್ ಯಾರೂ ಕೇಳಲಿಲ್ಲ. ಈಗ ಹಳೇ ಕಾರಿನ ವ್ಯಾಪಾರಕ್ಕೆ ಇಳಿದಿರುವವರಿಗೆ ಅದು ಏನಕ್ಕೆ ಅಂತಲೇ ಗೊತ್ತಿಲ್ಲ. ಬೆವರು ಒರೆಸಿಕೊಳ್ಳೋಕೆ ಅಂದುಕೊಂಡಿದ್ದಾರೆ.

ನಾನು ಪಾಲಯ್ಯ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನಲ್ಲಿ ಇಪ್ಪತ್ತು ವರ್ಷದ ಮೇಲೆ ಹಳೇ ವಾಹನದ ದಲ್ಲಾಳಿಯಾಗಿದ್ದೆ. ಈ ಕಸುಬಿನಲ್ಲಿ ಬಡ್ತಿ ಇಲ್ಲ, ಪಿಂಚಣಿ ಇಲ್ಲ. ಬೈಗುಳ ಮಾತ್ರ ಸರ್ವೀಸು ಆದಷ್ಟೂ ಏರುತ್ತಾ ಹೋಗುತ್ತದೆ. ಆದರೂ ಹೊಸಬರು ಬಂದು ಕೇಳಿದರೆ ಬೇಡ ಅನ್ನುವುದಿಲ್ಲ. ನಾನು ಎಲ್ಲಿ ಎಡವಿದೆ ಅಂತ ಹೇಳುತ್ತೇನೆ, ಅದೇ ಕಲ್ಲು ನಿಮ್ಮ ಕಾಲಿಗೆ ಸಿಗದಿದ್ದರೆ ಸಾಕು.

ನಮ್ಮಪ್ಪ ದನದ ಸಂತೆಯ ದಲ್ಲಾಳಿ. ಮಾರುವವನ ಕೈಯನ್ನು ಟವೆಲ್ ಕೆಳಗೆ ಹಿಡಿದು ಬೆರಳಿನಲ್ಲೇ ಬೆಲೆ ಹೇಳುತ್ತಿದ್ದ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಅದು ನೂರೋ ಸಾವಿರವೋ ಅಂತ ಬಾಯಿ ಬಿಡುವುದಿಲ್ಲ, ಎದುರಿಗಿರುವ ಪದಾರ್ಥ ನೋಡಿದರೆ ಗೊತ್ತಾಗಬೇಕು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಎರಡು ಕೈಗಳ ನಡುವೆಯೇ ಉಳಿಯುತ್ತದೆ. ಮಾರಿದವನಿಗೆ ಕಡಿಮೆ ಬಂತು ಅಂತ ಊರು ಆಡಿಕೊಳ್ಳುವಂತಿಲ್ಲ, ಕೊಂಡವನು ಟೋಪಿ ಹಾಕಿಸಿಕೊಂಡ ಅಂತ ನಗುವಂತಿಲ್ಲ. ನಾನು ಎತ್ತು ಬಿಟ್ಟು ಕಾರಿಗೆ ಬಂದೆ. ಟವೆಲ್ ಮಾತ್ರ ಬಿಡಲಿಲ್ಲ.

ಕಾರು ನೋಡುವುದನ್ನು ಕಲಿಸಿದವರು ಬಸ್‌ಸ್ಟ್ಯಾಂಡ್ ಹಿಂದೆ ಗ್ಯಾರೇಜು ಇಟ್ಟಿದ್ದ ಖಾದರ್ ಸಾಬರು. ನಾನು ಮೊದಲ ದಿನ ಒಂದು ಅಂಬಾಸಿಡರಿನ ಮೀಟರು ಓದಿ, "ಚಾಚಾ, ಮೂವತ್ತು ಸಾವಿರ ಕಿಲೋಮೀಟರ್ ಅಷ್ಟೇ ಓಡೈತೆ" ಅಂದೆ. ಅವರು ಗ್ರೀಸು ಕೈಯಲ್ಲೇ ನನ್ನ ಕಿವಿ ಹಿಡಿದು ಡ್ರೈವರ್ ಸೀಟಿನ ಕೆಳಗೆ ಬಗ್ಗಿಸಿದರು.

"ಬ್ರೇಕ್ ಪೆಡಲ್ ನೋಡಪ್ಪಾ. ರಬ್ಬರ್ ಐತಾ?"

"ಇಲ್ಲ ಚಾಚಾ, ಸವೆದು ತಗಡು ಕಾಣ್ತೈತೆ."

"ಮೀಟರ್‌ಗೆ ಬಾಯಿ ಐತೆ, ಸುಳ್ಳು ಹೇಳ್ತದೆ. ಪೆಡಲ್‌ಗೆ ಬಾಯಿ ಇಲ್ಲ. ಯಾವುದನ್ನ ನಂಬ್ತೀಯ?"

ಅಲ್ಲಿಂದ ಮುಂದೆ ನಾನು ಕಾರಿನ ಹತ್ತಿರ ಹೋದರೆ ಮೊದಲು ಬಗ್ಗುತ್ತಿದ್ದೆ. ದೇವರಿಗೆ ಕೈ ಮುಗಿಯುತ್ತಾನೆ ಅಂದುಕೊಂಡವರೂ ಇದ್ದರು.

ಆದರೆ ಕಣ್ಣು ಒಂದಿದ್ದರೆ ಸಾಲದು, ಮೂಗೂ ಬೇಕು ಅಂತ ಕಲಿತದ್ದು ನನ್ನ ಮೊದಲ ದೊಡ್ಡ ಎಡವಟ್ಟಿನಿಂದ. ಪರಶುರಾಂಪುರದ ಕುರಿ ವ್ಯಾಪಾರಿ ಒಬ್ಬನ ಅಂಬಾಸಿಡರ್ ಮಾರಾಟಕ್ಕೆ ಬಂತು. ಇಂಜಿನ್ನು ಗುಂಡುಕಲ್ಲು, ಪೆಡಲ್ ರಬ್ಬರು ಹೊಸದಿದ್ದಂತೆ. ಚಳಿಗಾಲದ ಬೆಳಗಿನ ಹೊತ್ತು ನೋಡಿದೆ, ಒಳಗೆ ಊದುಬತ್ತಿ ಘಮ್ಮೆನ್ನುತ್ತಿತ್ತು. ದೈವಭಕ್ತ ಅಂದುಕೊಂಡೆ. ಬಿ.ಜಿ. ಕೆರೆಯ ಒಬ್ಬ ಮೇಷ್ಟ್ರಿಗೆ ಕೊಡಿಸಿದೆ. ಅವರಿಗೆ ಹೊಸದಾಗಿ ಮದುವೆಯಾಗಿತ್ತು. ಬೇಸಿಗೆ ಬಂದ ಮೇಲೆ ಒಂದು ದಿನ ಮೇಷ್ಟ್ರು ನನ್ನ ಅಂಗಡಿ ಮುಂದೆ ಕಾರು ನಿಲ್ಲಿಸಿ, ಇಳಿದು, ಬಾಗಿಲು ತೆಗೆದು ಹಿಡಿದರು.

"ಕೂತ್ಕೋ ಪಾಲಯ್ಯ."

ಕೂತೆ. ಬಿಸಿಲಿಗೆ ಸೀಟು ಕಾದು, ವರ್ಷಗಟ್ಟಲೆ ಹಿಂದಿನ ಸೀಟು ತೆಗೆದು ತುಂಬಿದ ಕುರಿಗಳ ಗಬ್ಬೆಲ್ಲ ಒಮ್ಮೆಲೇ ಎದ್ದು ಬಂತು. ಟವೆಲ್ ಮೂಗಿಗೆ ಒತ್ತಿಕೊಂಡೆ.

"ಮಾವನ ಮನೆಗೆ ಹೋದ್ರೆ ಊರ ನಾಯೆಲ್ಲ ಕಾರಿನ ಹಿಂದೇನೇ ಬರ್ತಾವೆ. ನನ್ನ ಹೆಂಡ್ತಿ ಬಸ್ಸಲ್ಲಿ ಬರ್ತಾಳೆ, ನಾನು ಕಾರಲ್ಲಿ ಬರ್ತೀನಿ. ಹಿಂಗೇ ಸಂಸಾರ ಮಾಡು ಅಂತೀಯಾ?"

ಕಾರು ವಾಪಸ್ ತೆಗೆದುಕೊಂಡೆ, ನನಗೆ ಬಂದ ದಲ್ಲಾಳಿ ದುಡ್ಡನ್ನೂ ಅದರ ಮೇಲೆ ಕೈಯಿಂದ ಇಷ್ಟನ್ನೂ ಹಾಕಿ ಲೆಕ್ಕ ಚುಕ್ತಾ ಮಾಡಿದೆ. ಆಮೇಲೆ ಆ ಮೇಷ್ಟ್ರು ಎಲ್ಲಿ ಸಿಕ್ಕರೂ ನನ್ನನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದರು. ಇದು ನಡೆದು ಎಷ್ಟೋ ವರ್ಷವಾದರೂ ನಾನು ಯಾವ ಕಾರನ್ನೂ ಮಟಮಟ ಮಧ್ಯಾಹ್ನವಲ್ಲದೆ ನೋಡುತ್ತಿರಲಿಲ್ಲ. ನೀವೂ ಬಿಸಿಲಲ್ಲೇ ನೋಡಿ.

ಇನ್ನು ಬೆಲೆ ಇಳಿಯುವ ವಿಚಾರ. ಅದನ್ನು ನನಗೆ ತಿಳಿಸಿದವರು ಚಿತ್ರದುರ್ಗದ ಒಂದು ಫೈನಾನ್ಸ್ ಕಂಪನಿಯ ಮ್ಯಾನೇಜರು. ಸಾಲ ಕಟ್ಟದವರ ಗಾಡಿಗಳಿಗೆ ಬೆಲೆ ಹೇಳೋಕೆ ನನ್ನನ್ನು ಕರೆಸುತ್ತಿದ್ದರು. ಅವರು ನಗುವುದನ್ನು ನಾನು ನೋಡಿಲ್ಲ. ನಾನು, "ಸಾರ್, ಒಂದೇ ವರ್ಷದ ಗಾಡಿ, ಹೊಸದಿದ್ದಂಗೈತೆ" ಅಂದರೆ ಅವರು ಕನ್ನಡಕದ ಮೇಲಿಂದ ನೋಡಿ, "ಹೊಸದಿದ್ದ ಹಾಗೆ ಅಂದ್ರೆ ಹೊಸದಲ್ಲ ಅಂತ ಅರ್ಥ. ಷೋರೂಮ್ ಗೇಟು ದಾಟಿದ್ದೇ ಹಳೇದು. ಕಡಿಮೆ ಹೇಳು" ಅನ್ನುತ್ತಿದ್ದರು. ನನಗೆ ಇದು ಒಗ್ಗಲು ಬಹಳ ದಿನ ಬೇಕಾಯಿತು. ನಾನು ದನ ನೋಡಿ ಬೆಳೆದವನು. ಹೋರಿಗೆ ಎರಡು ಹಲ್ಲು ಬಂದಾಗ ಒಂದು ಬೆಲೆ, ನಾಲ್ಕು ಹಲ್ಲಾಗಿ ನೊಗಕ್ಕೆ ಪಳಗಿದರೆ ಅದಕ್ಕಿಂತ ಹೆಚ್ಚು ಬೆಲೆ. ಸಾಕಿದಷ್ಟೂ ಏರುತ್ತದೆ. ಕಾರನ್ನು ಎಷ್ಟೇ ಸಾಕಿ, ಒರೆಸಿ, ಪೂಜೆ ಮಾಡಿ, ಅದು ಇಳಿಯುವುದೇ.

ಅದರಲ್ಲೂ ಒಂದು ಜಾತಿಯ ಕಾರು ಮಿಕ್ಕವಕ್ಕಿಂತ ಜೋರಾಗಿ ಇಳಿಯುತ್ತದೆ. ನೋಡೋಕೆ ಪುಟ್ಟದು, ಒಳಗೆ ಅರಮನೆ: ಬಟನ್ ಒತ್ತಿದರೆ ಇಳಿಯುವ ಗಾಜು, ತೊಗಲಿನ ಸೀಟು, ಒಳಗೆ ಕೂತರೆ ಹೊರಗಿನ ಧೂಳೂ ಇಲ್ಲ, ಸದ್ದೂ ಇಲ್ಲ. ತೊಂಬತ್ತರ ದಶಕದ ನಡುವೆ ವಿದೇಶಿ ಕಂಪನಿಗಳು ಇಂಥವನ್ನು ತಂದವು. ಅಂಬಾಸಿಡರ್ ಕೆಟ್ಟರೆ ನಮ್ಮೂರ ಕಮ್ಮಾರನೂ ಬಡಿದು ಓಡಿಸುತ್ತಿದ್ದ. ಇದರ ಹಿಂದಿನ ಒಂದು ಲೈಟು ಒಡೆದರೆ ಬೆಂಗಳೂರಿಗೆ ಹೋಗಬೇಕು, ಹೋದವನು ಅದರ ಬೆಲೆ ಕೇಳಿ ಲೈಟಿಲ್ಲದೆ ವಾಪಸ್ ಬರಬೇಕು. ಇಂಥ ಕಾರು ಕೊಳ್ಳುವ ಶಕ್ತಿ ಇರುವವನು ಹಳೇದನ್ನು ಕೊಳ್ಳುವುದಿಲ್ಲ. ಹಳೇದನ್ನು ಕೊಳ್ಳುವವನಿಗೆ ಅದನ್ನು ಸಾಕುವ ಶಕ್ತಿ ಇಲ್ಲ. ನಡುವೆ ಕಾರು ಒಬ್ಬಂಟಿಯಾಗಿ ನಿಲ್ಲುತ್ತದೆ. ಈ ವ್ಯಾಪಾರಕ್ಕೆ ಬರುವವರು ಇದೊಂದನ್ನು ತಿಳಿದುಕೊಂಡರೆ ಅರ್ಧ ವಿದ್ಯೆ ಬಂದಂತೆ.

ಚಳ್ಳಕೆರೆಗೆ ಅಂಥದ್ದೊಂದನ್ನು ಮೊದಲು ತಂದವರು ಎಣ್ಣೆ ಮಿಲ್ಲಿನ ಸಾಹುಕಾರ್ ಶಿವಲಿಂಗಪ್ಪನವರು. ಎಂಟು ಲಕ್ಷ ಕೊಟ್ಟರಂತೆ, ಬಣ್ಣ ಬೆಣ್ಣೆಯದು. ಮನೆ ಮುಂದೆ ನಿಲ್ಲಿಸಿದ ದಿನವೇ ಬೀದಿಯಲ್ಲಿ ಹೋಗುತ್ತಿದ್ದ ಎತ್ತೊಂದು ಎಡ ಬಾಗಿಲಿಗೆ ಕೊಂಬು ಗೀರಿತು. ಸಾಹುಕಾರರು, "ಹೋಗ್ಲಿ ಬಿಡ್ರಿ, ದೃಷ್ಟಿ ತೆಗೀತು" ಅಂದು ಆ ಗೀರನ್ನು ಹಾಗೇ ಬಿಟ್ಟರು. ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು ರುದ್ರಣ್ಣ, ಮಿಲ್ಲಿನಲ್ಲೇ ಹುಟ್ಟಿ ಮಿಲ್ಲಿನಲ್ಲೇ ಬೆಳೆದಂಥವರು, ಮೈಯಿಂದ ಯಾವಾಗಲೂ ಶೇಂಗಾ ಹಿಂಡಿಯ ವಾಸನೆ. ಚಿಕ್ಕವನು ಬಸಣ್ಣ, ನನ್ನ ವಾರಿಗೆಯವನು. ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಓಡಾಡುತ್ತಿದ್ದವನು ಅವನೇ.

ನಾಲ್ಕು ವರ್ಷಕ್ಕೆ ಸಾಹುಕಾರರು ತೀರಿಕೊಂಡರು. ಮನೆಯಲ್ಲಿ ಪಾಲು ಮಾಡುವ ಮಾತು ಬಂತು. ಜಗಳವೇನೂ ಇರಲಿಲ್ಲ, ಎರಡು ಸಂಸಾರಕ್ಕೆ ಮನೆ ಇಕ್ಕಟ್ಟಾಗಿತ್ತು ಅಷ್ಟೆ. ನಮ್ಮ ಕಡೆ ಪದ್ಧತಿ ಅಂದರೆ ಹಿರಿಯ ಪಾಲು ಕಟ್ಟಬೇಕು, ಕಿರಿಯ ಆರಿಸಿಕೊಳ್ಳಬೇಕು. ಕಟ್ಟುವವನು ಒಂದು ಕಡೆ ಹೆಚ್ಚು ಹಾಕಿದರೆ ಆರಿಸುವವನು ಅದನ್ನೇ ಎತ್ತಿಕೊಳ್ಳುತ್ತಾನಲ್ಲ, ಅದಕ್ಕೇ ಎರಡೂ ಸಮ ಬರುತ್ತವೆ. ರುದ್ರಣ್ಣ ಒಂದು ಕಡೆ ಮಿಲ್ಲು ಇಟ್ಟರು, ಇನ್ನೊಂದು ಕಡೆ ಪರಶುರಾಂಪುರ ರಸ್ತೆಯ ಹೊಲ ಮತ್ತು ಪೇಟೆಯ ಸೈಟು. ಮಿಲ್ಲಿನ ಕಡೆ ತೂಕ ಹೆಚ್ಚಾಯಿತು. ಸರಿದೂಗಿಸಲು ಇತ್ತ ಕಾರು ಇಡೋಣ ಅಂದರು. ಕಾರಿಗೆ ಬೆಲೆ ಕಟ್ಟೋಕೆ ನನಗೆ ಹೇಳಿಕಳಿಸಿದರು.

ನಾನು ಹೋದಾಗ ನಡುಮನೆಯಲ್ಲಿ ಹತ್ತು ಜನ ಹಿರಿಯರು ಜಮಖಾನದ ಮೇಲೆ ಕೂತಿದ್ದರು. ಎದುರಿಗೆ ಸಾಹುಕಾರರ ಫೋಟೋ, ಹೊಸ ಹೂವಿನ ಹಾರ, ದೀಪ. ನಾನು ಹೊರಗೆ ಕಾರು ನೋಡಿ ಬಂದಿದ್ದೆ. ಸಂತೆಯಲ್ಲಿ ಅದು ಎರಡು ಲಕ್ಷದ ಮೇಲೆ ಒಂದು ಪೈಸೆಯೂ ಬಾಳುತ್ತಿರಲಿಲ್ಲ. ಅಷ್ಟರಲ್ಲೇ ಕಂಪನಿಯವರು ಆ ಮಾದರಿಯನ್ನೇ ನಿಲ್ಲಿಸುತ್ತಾರೆ ಅನ್ನುವ ಸುದ್ದಿಯೂ ಇತ್ತು.

"ಹೇಳಪ್ಪ ಪಾಲಯ್ಯ, ಎಷ್ಟು ಬಾಳ್ತೈತೆ?" ಅಂದರು ಒಬ್ಬ ಹಿರಿಯರು.

ನಮ್ಮಲ್ಲಿ ಇನ್ನೊಂದು ಮಾತಿದೆ. ತೀರಿಕೊಂಡವರ ವಸ್ತುವಿಗೆ ಹತ್ತು ಜನರ ಮುಂದೆ ಸಂತೆ ಬೆಲೆ ಹೇಳಬಾರದು, ಮರ್ಯಾದೆ ಬೆಲೆ ಹೇಳಬೇಕು. ಅವರು ಮೆಚ್ಚಿ ತಂದದ್ದನ್ನು ಹಳಿದರೆ ಅವರನ್ನೇ ಹಳಿದಂತೆ. ಫೋಟೋದೊಳಗಿಂದ ಸಾಹುಕಾರರು ನನ್ನನ್ನೇ ನೋಡುತ್ತಿದ್ದಂತಿತ್ತು. ಟವೆಲ್ ಹಾಸುವಂತಿದ್ದರೆ ಎರಡು ಬೆರಳು ಹಿಡಿಯುತ್ತಿದ್ದೆನೋ ಏನೋ. ಪಾಲಿನ ಮನೆಯಲ್ಲಿ ಟವೆಲ್ ನಡೆಯುವುದಿಲ್ಲ, ಎಲ್ಲ ಬಾಯಿ ಬಿಟ್ಟೇ ಹೇಳಬೇಕು.

"ಐದು ಲಕ್ಷಕ್ಕೇನೂ ಮೋಸ ಇಲ್ರಿ" ಅಂದೆ.

ಎಲ್ಲರೂ ತಲೆಯಾಡಿಸಿದರು. ಐದು ಅಂತ ಹಿಡಿದರೆ ಎರಡೂ ಪಾಲು ಸರಿಸಮ ಬಂದವು. ಬಸಣ್ಣನಿಗೆ, "ಆರಿಸ್ಕೋ" ಅಂದರು. ಅವನು ಮಿಲ್ಲಿನ ಕಡೆ ನೋಡಲೂ ಇಲ್ಲ. ಮಿಲ್ಲು ಕೈಬಿಟ್ಟರೆ ಅಣ್ಣ ಬದುಕುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಹೊಲ, ಸೈಟು, ಕಾರು ಅಂದ. ಬೆಲ್ಲ ಹಂಚಿದರು, ನಾನೂ ತಿಂದೆ. ನಾನು ಒಂದು ಮಾತಿನಲ್ಲಿ ಅವನಿಗೆ ಮೂರು ಲಕ್ಷ ಕಡಿಮೆ ಮಾಡಿದ್ದೆ ಅನ್ನುವುದು ಆ ಮನೆಯಲ್ಲಿ ನನ್ನೊಬ್ಬನಿಗೆ ಮಾತ್ರ ತಿಳಿದಿತ್ತು.

ಅಂದಿನಿಂದ ಒಲೆ ಬೇರೆಯಾಯಿತು. ಮಾತು ಬಿಟ್ಟವರಲ್ಲ, ಆದರೆ ಒಬ್ಬರ ಮನೆಯಲ್ಲಿ ಒಬ್ಬರು ಕೂತು ಉಣ್ಣುವುದು ನಿಂತುಹೋಯಿತು. ಮದುವೆ ಮನೆಯಲ್ಲಿ ಸಿಕ್ಕರೆ ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದರು. ಇದಕ್ಕೆ ಕಾರಣ ಏನು ಅಂತ ಕೇಳಿದರೆ ಇಬ್ಬರೂ ಹೇಳುತ್ತಿರಲಿಲ್ಲ. ಪಾಲಾದ ಮನೆಗಳಲ್ಲಿ ಇದು ಮಾಮೂಲು.

ಒಂದು ವರ್ಷ ಕಳೆದಿರಬೇಕು, ಬಸಣ್ಣ ಕಾರು ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದ. ಅವನ ಹೆಂಡತಿಯ ತವರು ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯಿಸುವವರು. ಅಲ್ಲೊಂದು ಮಗ್ಗದ ಶೆಡ್ಡು ಮಾರಾಟಕ್ಕೆ ಬಂದಿತ್ತು, ಆರು ಮಗ್ಗ ಸಮೇತ.

"ಹೊಲ ಕೋರಿಗೆ ಕೊಟ್ಟೀನಿ, ಬೆಳೆದದ್ರಲ್ಲಿ ಅರ್ಧ ಬರ್ತೈತೆ. ಸೈಟು ಮಾರಲ್ಲ, ಅದು ಮಕ್ಕಳಿಗೆ. ಕಾರು ಕೊಟ್ಟು ಶೆಡ್ಡು ತಗಂತೀನಿ ಪಾಲಣ್ಣ. ನೀನು ಅವತ್ತು ಐದು ಅಂದಿದ್ದೆ. ಒಂದು ವರ್ಷ ಆಗೈತೆ, ನಾಕೂವರೆಗೆ ಮುಗ್ಸು. ಮಿಕ್ಕಿದ್ದು ನಾನು ಹೊಂದಿಸ್ಕಂತೀನಿ."

ನೋಡ್ತೀನಿ ಅಂದೆ. ದಾವಣಗೆರೆಯ ವ್ಯಾಪಾರಿ ಒಬ್ಬ ಒಂದು ಲಕ್ಷ ಎಂಬತ್ತು ಸಾವಿರ ಅಂದ. ಬೆಂಗಳೂರಿನವನು ಕಾರಿನ ಹೆಸರು ಕೇಳಿಯೇ ನಕ್ಕು, "ಅದಾ? ಅದರ ಕಂಪನಿ ನಿಲ್ಲಿಸಿಬಿಟ್ಟಿದೆಯಲ್ಲ ಮಾರಾಯಾ" ಅಂದ. ಹದಿನೈದು ದಿನ ಬಸಣ್ಣನ ಕಣ್ಣಿಗೆ ಬೀಳದಂತೆ ಓಡಾಡಿದೆ. ಕೊನೆಗೆ ಅವನೇ ಮನೆಗೆ ಬಂದ. ಆಗ ಇರುವುದನ್ನು ಇದ್ದ ಹಾಗೆ ಹೇಳಿದೆ. ಅವತ್ತೂ ಎರಡೇ ಬಾಳುತ್ತಿತ್ತು, ಫೋಟೋ ನೋಡಿ ನಾಲಿಗೆ ತಿರುಗಲಿಲ್ಲ ಅಂತ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು, "ಹೋಗ್ಲಿ, ಅಪ್ಪನ ಕಾರಲ್ವಾ" ಅಂದ.

"ರುದ್ರಣ್ಣಗೆ ಹೇಳಾನ. ಅವರು ಸರಿ ಮಾಡ್ತಾರೆ."

"ಬ್ಯಾಡ. ಕೈಯಾರೆ ಆರಿಸ್ಕಂಡೋನು ಬಾಯಿ ಮಾಡಬಾರ್ದು. ಈಗ ಹೋಗಿ ಕೇಳಿದ್ರೆ ಭಿಕ್ಷೆ ಆಗ್ತೈತೆ. ಅಣ್ಣನ ಕಿವಿಗೆ ಬಿದ್ರೆ ನನ್ನಾಣೆ ಐತೆ ನೋಡು."

ಆಣೆ ಇಟ್ಟದ್ದು ಸಂಜೆ. ಮರುದಿನ ಬೆಳಿಗ್ಗೆಯೇ ನಾನು ಮಿಲ್ಲಿಗೆ ಹೋದೆ. ಆಣೆ ಮುರಿದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ.

ರುದ್ರಣ್ಣ ಗಾಣದ ಪಕ್ಕ ನಿಂತು ಹಿಂಡಿ ಮುರಿದು ನೋಡುತ್ತಿದ್ದರು. ಸುತ್ತ ಹಮಾಲರು, ಗುಮಾಸ್ತರು. ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

"ಅಣ್ಣಾ, ಪಾಲಿನ ದಿನ ನಾನು ಕಾರಿಗೆ ಹೇಳಿದ ಬೆಲೆ ಸುಳ್ಳು."

"ಎಷ್ಟು ಬಾಳ್ತಿತ್ತು?"

"ಎರಡು."

"ಐದು ಯಾಕಂದೆ?"

"ಎದುರಿಗೆ ಸಾಹುಕಾರ್ರ ಫೋಟೋ ಇತ್ತಲ್ಲಣ್ಣಾ."

ಅವರ ಮುಖ ಕೆಂಪೇರಿತು. "ಲೇ, ಸತ್ತೋರ ಮುಖ ನೋಡಿ ಬದುಕಿರೋನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ! ಅವನು ನನ್ನ ಬಗ್ಗೆ ಏನಂದ್ಕಂಡಿರ್ತಾನೆ? ಅಣ್ಣ ಬೇಕಂತಲೇ ಕಟ್ಟಿದ ಪಾಲು ಅನ್ಕಳಲ್ವಾ?" ಅಂದು, ಮತ್ತೆ ದನಿ ತಗ್ಗಿಸಿ, "ಮೂರು ಲಕ್ಷ ಕೊಡ್ತೀನಿ, ಕೊಟ್ಟು ಬಾ ಹೋಗು" ಅಂದರು.

"ತಗಳಲ್ಲಣ್ಣಾ. ನಿಮ್ಮ ಕಿವಿಗೆ ಬೀಳಬಾರ್ದು ಅಂತ ಆಣೆ ಇಟ್ಟಾನೆ."

ರುದ್ರಣ್ಣ ಗಾಣದ ಕಡೆ ತಿರುಗಿ ನಿಂತರು. ಎಣ್ಣೆ ಸುರಿಯುವುದನ್ನು ನೋಡಿದರು. ಆಮೇಲೆ ನನ್ನ ಹೆಗಲ ಮೇಲಿದ್ದ ಟವೆಲ್ ಎಳೆದುಕೊಂಡು, ಅದರ ಕೆಳಗೆ ನನ್ನ ಕೈ ತೆಗೆದುಕೊಂಡರು. ಇಡೀ ಕೈ ಹಿಡಿದರು. ಹಮಾಲರು, ಗುಮಾಸ್ತರು ನೋಡುತ್ತಲೇ ಇದ್ದರು. ಏನೋ ಹಳೇ ಟ್ರ್ಯಾಕ್ಟರಿನ ವ್ಯಾಪಾರ ಅಂದುಕೊಂಡಿರಬೇಕು.

"ಯಾರು ಅಂತ ಕೇಳಿದ್ರೆ ಏನನ್ಲಣ್ಣಾ?"

"ಬಳ್ಳಾರಿ ಕಡೆ ಪಾರ್ಟಿ ಅನ್ನು. ಗಣಿಯೋರಿಗೆ ದುಡ್ಡು ಜಾಸ್ತಿ ಆಗೈತೆ, ಏನು ಕೊಟ್ರೂ ತಗಂತಾರೆ ಅನ್ನು."

ಬಸಣ್ಣನಿಗೆ ಹಾಗೇ ಹೇಳಿದೆ. ಅವನು ನನ್ನನ್ನೇ ನೋಡಿದ. ಅನುಮಾನ ಬಂತೇನೋ ಅಂದುಕೊಂಡೆ. ಅವನು ಕೇಳಿದ್ದು ಬೇರೆ.

"ಒಳ್ಳೇರಾ ಪಾಲಣ್ಣ? ಚೆನ್ನಾಗಿ ಇಟ್ಕಂತಾರಾ?"

"ಇಟ್ಕಂತಾರೆ."

"ಕ್ಲಚ್ಚು ಸ್ವಲ್ಪ ಬಿಗಿ ಐತೆ, ಜೋರಾಗಿ ಒತ್ತಬಾರ್ದು ಅಂತ ಹೇಳು."

ಹೆಸರು ಬದಲಾವಣೆಯ ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟ. ಆಗೆಲ್ಲ ಹಾಗೇ ನಡೆಯುತ್ತಿತ್ತು, ಕೊಂಡವನ ಹೆಸರು ದಲ್ಲಾಳಿ ಆಮೇಲೆ ತುಂಬಿಸುತ್ತಿದ್ದ. ನೀವು ಹಾಗೆ ಮಾಡಬೇಡಿ, ತಲೆ ಹೋಗುತ್ತದೆ. ಅವನು ಕೊಟ್ಟ ದಲ್ಲಾಳಿ ದುಡ್ಡನ್ನೂ ತೆಗೆದುಕೊಂಡೆ. ಬೇಡ ಅಂದರೆ ಗುಮಾನಿ ಬರುತ್ತಿತ್ತು. ಆ ದುಡ್ಡಿನಲ್ಲಿ ಮನೆಗೆ ಸುಣ್ಣ ಹೊಡೆಸಿದೆ, ಮುಚ್ಚಿಡುವುದೇಕೆ.

ಇನ್ನು ಕಾರು ಸಾಗಿಸಬೇಕಲ್ಲ. ಹಾಡಹಗಲೇ ಪೇಟೆಯ ನಡುವೆ ಹಾರ್ನ್ ಹೊಡೆಯುತ್ತಾ ಬಳ್ಳಾರಿ ರಸ್ತೆ ಹಿಡಿದೆ, ನಾಲ್ಕು ಜನ ನೋಡಲಿ ಅಂತ. ಬಿ.ಜಿ. ಕೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿದರೆ ಅಲ್ಲಿ ಅದೇ ಮೇಷ್ಟ್ರು! ಮೂಗು ಮುಚ್ಚಿಕೊಂಡೇ ಕಾರಿನ ಸುತ್ತ ಒಂದು ಸುತ್ತು ಬಂದು, "ಇದ್ರಲ್ಲಿ ಎಷ್ಟು ಕುರಿ ಹಿಡೀತಾವೆ ಪಾಲಯ್ಯ?" ಅಂದರು. ಮಟಮಟ ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ್ದ ಹೊತ್ತಿಗೆ ವಾಪಸ್ ಬಂದು ಮಿಲ್ಲಿನ ಹಿಂದಿನ ಗೇಟಿನಿಂದ ಗೋಡೌನಿಗೆ ನುಗ್ಗಿಸಿದೆ. ರುದ್ರಣ್ಣ ತಾವೇ ಟಾರ್ಪಾಲು ಮುಚ್ಚಿ, ಮುಂದೆ ಶೇಂಗಾ ಚೀಲ ಪೇರಿಸಿದರು. ಐದು ಲಕ್ಷ ಕೊಟ್ಟು ಕೊಂಡ ಕಾರನ್ನು ಒಂದು ದಿನವೂ ಬೀದಿಗೆ ತರುವಂತಿರಲಿಲ್ಲ. ಬೆಂಗಳೂರಿಗೆ ಒಯ್ದು ಬಂದಷ್ಟಕ್ಕೆ ಕೊಟ್ಟುಬಿಡೋಣ ಅಂದೆ. "ಅಪ್ಪ ತಂದದ್ದು, ಇರ್ಲಿ ಬಿಡೋ" ಅಂದರು.

ಬಸಣ್ಣ ಮೊಳಕಾಲ್ಮೂರಿಗೆ ಹೋದ. ಆರು ಮಗ್ಗ ಹತ್ತಾಯಿತು, ಹದಿನಾರಾಯಿತು. ಇತ್ತ ನನ್ನ ಕಸುಬು ಬದಲಾಗುತ್ತಾ ಬಂತು. ಕೈಗೆ ಮೊಬೈಲು ಬಂತು. ಕಾರಿನ ಹೆಸರು, ವರ್ಷ ಹೇಳಿದರೆ ಕಂಪ್ಯೂಟರೇ ಬೆಲೆ ಹೇಳುವ ಕಾಲ ಬಂತು. ಜನ ಬೆಲೆ ಮೊದಲೇ ತಿಳಿದುಕೊಂಡು ಬಂದು, ನನ್ನನ್ನು ಪರೀಕ್ಷೆ ಮಾಡುವವರಂತೆ ಕೇಳುತ್ತಿದ್ದರು. ಟವೆಲ್ ಹಾಸಿದರೆ ನಗುತ್ತಿದ್ದರು. ಕಂಪ್ಯೂಟರಿನ ಬೆಲೆ ಹೆಚ್ಚುಕಡಿಮೆ ಸರಿಯೇ ಇರುತ್ತದೆ, ನಾನು ಅದನ್ನು ತೆಗಳುವುದಿಲ್ಲ. ಪಾಲಿನ ದಿನ ನನ್ನ ಬದಲು ಅದು ಇದ್ದಿದ್ದರೆ ಎರಡು ಅಂತಲೇ ಹೇಳುತ್ತಿತ್ತು. ಅದಕ್ಕೆ ಫೋಟೋ ಕಾಣುವುದಿಲ್ಲವಲ್ಲ.

ಬದಲಾದದ್ದು ನನ್ನ ಕಸುಬೊಂದೇ ಅಲ್ಲ. ಹೊರದೇಶದ ಅಗ್ಗದ ಎಣ್ಣೆ ಬಂದು ಚಳ್ಳಕೆರೆಯ ಗಾಣಗಳು ಒಂದೊಂದಾಗಿ ನಿಂತವು. ರುದ್ರಣ್ಣ ಎಲ್ಲರಿಗಿಂತ ಕೊನೆಯವರೆಗೂ ಓಡಿಸಿದರು, ನಷ್ಟದಲ್ಲೇ ಓಡಿಸಿದರು. ಕೊನೆಗೆ ಅವರೂ ಮುಚ್ಚಬೇಕಾಯಿತು. ಅವರಿಗಿದ್ದ ಒಂದೇ ಸಂಕಟ, ಮೂವತ್ತು ಮೂವತ್ತು ವರ್ಷ ದುಡಿದ ಹಮಾಲರನ್ನು ಬರಿಗೈಯಲ್ಲಿ ಹೇಗೆ ಕಳಿಸುವುದು ಅಂತ. ಗಾಣಗಳನ್ನು ಗುಜರಿಗೆ ಕೊಟ್ಟರೂ ಎಲ್ಲರಿಗೂ ಸಾಲುತ್ತಿರಲಿಲ್ಲ. ಬಸಣ್ಣ ನೆಂಟರೊಬ್ಬರ ಕೈಯಲ್ಲಿ, ಕಡಿಮೆ ಬಿದ್ದ ದುಡ್ಡು ತಾನು ಕೊಡ್ತೀನಿ ಅಂತ ಹೇಳಿಕಳಿಸಿದ. ರುದ್ರಣ್ಣ, "ನನ್ನ ಪಾಲು ನನಗೈತೆ ಅಂತ ಹೇಳ್ರಿ" ಅಂತ ವಾಪಸ್ ಹೇಳಿಕಳಿಸಿದರು. ಇಬ್ಬರೂ ಒಂದೇ ಅಚ್ಚಿನ ಬೆಲ್ಲ.

ಗಾಣ ಬಿಚ್ಚುತ್ತಾರೆ ಅಂತ ಕೇಳಿ ಬಸಣ್ಣ ಮೊಳಕಾಲ್ಮೂರಿನಿಂದ ಬಂದ. ಅಪ್ಪ ಮೊದಲು ತಂದ ಗಾಣವನ್ನು ಒಮ್ಮೆ ನೋಡಬೇಕು ಅಂತ. ಅಣ್ಣ ಬ್ಯಾಂಕಿಗೆ ಹೋಗಿದ್ದ ಹೊತ್ತು ನೋಡಿಕೊಂಡು ಮಿಲ್ಲಿನೊಳಗೆ ಹೋಗಿದ್ದಾನೆ. ಗೋಡೌನು ಬಹುಮಟ್ಟಿಗೆ ಖಾಲಿಯಾಗಿತ್ತು, ಚೀಲಗಳಿರಲಿಲ್ಲ. ಮೂಲೆಯಲ್ಲಿ ಟಾರ್ಪಾಲು. ಕೆಳಗಿಂದ ಚಕ್ರ ಕಂಡಿದೆ.

ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದ. ಬಾಗಿಲಲ್ಲೇ ನಿಂತು ಹೇಳಿದ.

"ಬಳ್ಳಾರಿ ಪಾರ್ಟಿ ಚೆನ್ನಾಗೇ ಇಟ್ಕಂಡೈತೆ ಪಾಲಣ್ಣ."

ನಾನು ಎದ್ದು ನಿಂತೆ.

"ಎಡ ಬಾಗಿಲಲ್ಲಿ ಕೊಂಬಿನ ಗೀರು ಹಂಗೇ ಐತೆ. ಬಾನೆಟ್ ಮೇಲೆ ಈಬತ್ತಿ ಪಟ್ಟೆ ಐತೆ, ಮೂರು ಬೆರಳಿಂದು, ಮೊನ್ನೆ ಅಮಾಸೆದು. ಒಂದು ನಿಂ‌ಬೆಹಣ್ಣೂ ಐತೆ." ಚೌಕಟ್ಟಿಗೆ ಕೈ ಊರಿದ. "ಏಳು ವರ್ಷ ಅಮಾಸೆ ಅಮಾಸೆಗೆ ಪೂಜೆ ಮಾಡ್ಯಾನೆ. ನನಗೆ ಒಂದು ಮಾತು ಹೇಳಿಲ್ಲ. ನೀನೂ ಹೇಳಿಲ್ಲ."

"ನಿನ್ನ ಆಣೆ ಮುರಿದೆ ಬಸಣ್ಣ. ಬೈ."

ಅವನು ಬೈಯಲಿಲ್ಲ. ಒಳಗೆ ಬಂದು ಬೆಂಚಿನ ಮೇಲೆ ಕೂತು ಕಣ್ಣು ಒರೆಸಿಕೊಂಡ. ಆಮೇಲೆ, "ಅದು ಈಗೆಷ್ಟು ಬಾಳ್ತೈತೆ?" ಅಂದ.

"ಏನೂ ಬಾಳಲ್ಲ. ತೂಕಕ್ಕೆ ಹಾಕ್ಬೇಕು. ಗುಜರಿಯೋನು ಇಪ್ಪತ್ತು ಸಾವಿರ ಕೊಟ್ರೆ ಹೆಚ್ಚು."

ಅವನು ಕೈ ಚಾಚಿ ನನ್ನ ಹೆಗಲ ಮೇಲಿನ ಟವೆಲ್ ತೆಗೆದುಕೊಂಡ. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು, ಮುಚ್ಚಿಕೊಳ್ಳುವ ಅಗತ್ಯವೇ ಇರಲಿಲ್ಲ. ಆದರೂ ಮುಚ್ಚಿದ. ಕೆಳಗೆ ನನ್ನ ಇಡೀ ಕೈ ಹಿಡಿದ.

"ಬಸಣ್ಣ, ಅದು..."

ಇನ್ನೊಮ್ಮೆ ಒತ್ತಿದ.

ನಾನು ಆ ಹೊತ್ತೇ ಮಿಲ್ಲಿಗೆ ನಡೆದೆ. ರುದ್ರಣ್ಣ ಬ್ಯಾಂಕಿನಿಂದ ಬಂದು ಗೋಡೌನಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ಗಾಣ ಬಿಚ್ಚುವ ಸದ್ದು ಕೇಳುತ್ತಿತ್ತು. ನಾಲ್ಕೈದು ಹಮಾಲರು ಗೋಡೆಗೆ ಒರಗಿ ನಿಂತಿದ್ದರು.

"ಅಣ್ಣಾ, ಕಾರಿಗೆ ಒಂದು ಪಾರ್ಟಿ ಬಂದೈತೆ" ಅಂದೆ.

"ಗುಜರಿಯೋನಾ? ಎಷ್ಟಂತೆ?"

ಟವೆಲ್ ಹಾಸಿ ಅವರ ಕೈ ತೆಗೆದುಕೊಂಡೆ. ಇಡೀ ಕೈ ಹಿಡಿದೆ.

"ಐದು ಸಾವಿರಾನಾ? ಅಷ್ಟಕ್ಕೇ ಕೇಳ್ತಾನೇನೋ? ಹೋಗ್ಲಿ, ಕೊಟ್ಟು ಹಾಕು."

"ಸಾವಿರ ಅಲ್ಲಣ್ಣಾ."

ಟವೆಲ್ ಕೆಳಗೆ ಅವರ ಕೈ ಗಟ್ಟಿಯಾಯಿತು. ನನ್ನ ಮುಖ ನೋಡಿದರು.

"ತಮಾಷೆ ಮಾಡ್ತೀಯೇನಲೇ? ಯಾವನು ಅವನು, ಇದಕ್ಕೆ ಅಷ್ಟು ಕೊಡೋ ಹುಚ್ಚ?"

"ಬಳ್ಳಾರಿ ಕಡೆ ಪಾರ್ಟಿ" ಅಂದೆ.

ರುದ್ರಣ್ಣ ತಿರುಗಿ ಗೋಡೌನಿನ ಮೂಲೆ ನೋಡಿದರು. ಟಾರ್ಪಾಲು ಅವರು ಮುಚ್ಚಿದ್ದ ಹಾಗೆ ಇರಲಿಲ್ಲ, ಎಡ ಬಾಗಿಲ ಕಡೆ ಎತ್ತಿ ಮಡಿಸಿತ್ತು. ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ. ಹಮಾಲರ ಕಡೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಆ ಬಳ್ಳಾರಿ ಪಾರ್ಟಿಗೆ ಹೇಳು, ಸೋಮವಾರ ಊಟಕ್ಕೆ ಬಾ ಅಂತ. ಹೆಂಡ್ರು ಮಕ್ಕಳನ್ನೂ ಕರ್ಕಂಡು ಬರ್ಬೇಕು ಅಂತ ಹೇಳು."

ಹೇಳ್ತೀನಿ ಅಂದೆ. ಅವರು ಟವೆಲ್ ಎಳೆದುಕೊಂಡು ಮುಖ ಮುಚ್ಚಿಕೊಂಡರು. ಆ ಹೊತ್ತಿನಲ್ಲಿ ವಾಪಸ್ ಕೊಡಿ ಅಂತ ನಾನು ಕೇಳಲಿಲ್ಲ, ಬರಿ ಹೆಗಲಲ್ಲೇ ಬಸಣ್ಣ ಕೂತಿದ್ದ ಅಂಗಡಿಗೆ ಹೋದೆ.